ಬೋರಲಿಟ್ಟ ದೀಪ

ಬ್ಯಾಂಕಿನ ಕಾರ್ಡು ಮೊದಲು ಮಸ್ಕಿಯ ಹಳೆ ವಿಳಾಸಕ್ಕೆ ಹೋಗಿತ್ತು. ಅಲ್ಲಿ ಯಾರೋ ಪುಣ್ಯಾತ್ಮರು ಅಡ್ಡಗೆರೆ ಎಳೆದು ಸಿಂಧನೂರಿನ ನಮ್ಮ ವಿಳಾಸ ಬರೆದಿದ್ದರು. ನನ್ನ ಕೈ ಸೇರುವ ಹೊತ್ತಿಗೆ ಹನ್ನೆರಡು ದಿನ ಆಗಿತ್ತು. ಅದು ತೊಂಬತ್ಮೂರನೆಯ ಇಸವಿಯ ಮಾರ್ಚ್ ತಿಂಗಳು. ಅವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಕಣ್ಣಿಗೆ ಪೊರೆ ಬಂದಿದ್ದರಿಂದ ಹರಳನ್ನು ಬೆರಳಿನಿಂದಲೇ ಹುಡುಕಿ ತೆಗೆಯುತ್ತಿದ್ದಳು.

"ಯಾರದು ಶೇಖ್ರೀ, ಕಾಗದ?" ಎಂದು ಕಿರಿಮಗಳಾದ ನನ್ನನ್ನು ಕೇಳಿದಳು.

"ಬ್ಯಾಂಕಿಂದು ಬೇ."

"ಜಂಬವ್ವನ ದೀಪದ್ದೇನು?"

ನಾನು ಎರಡು ಸಲ ಓದಿಕೊಂಡೆ. ನಿಮ್ಮ ಖಾತೆಯಲ್ಲಿ ಸಾಕಷ್ಟು ಹಣ ಇಲ್ಲದ ಕಾರಣ ತಿಂಗಳಾ ಹಣ ಕಳಿಸುವ ಸ್ಥಾಯಿ ಸೂಚನೆಯಂತೆ ಈ ತಿಂಗಳು ಇನ್ನೂರು ರೂಪಾಯಿ ವರ್ಗಾಯಿಸಲು ಆಗಿಲ್ಲ ಎಂದಿತ್ತು. ನಮಗೆ ಗೊತ್ತಿದ್ದದ್ದು ಅರವತ್ತು. ಇನ್ನೂರು ಎಲ್ಲಿಂದ ಬಂತು?

"ಅಪ್ಪ ಹೋದನಲ್ಲ, ಹೆಸರು ತಗಸಬೇಕಂತ. ಪಾಸ್‌ಬುಕ್ ತಗೊಂಡು ಬರ್ರಿ ಅಂದಾರ," ಎಂದೆ.

"ಹಂಗಾರ ಸ್ನಾನ ಮಾಡಿ ಮುಟ್ಟು," ಎಂದಳು ಅವ್ವ.

ನಮ್ಮ ಮನೆಯಲ್ಲಿ ಆ ಪಾಸ್‌ಬುಕ್ ಇರುತ್ತಿದ್ದದ್ದು ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ಕೆಂಪು ವಸ್ತ್ರದೊಳಗೆ. ದೀಪಾವಳಿಯ ಪಾಡ್ಯದ ದಿನ ಅಪ್ಪ ಅಂಗಡಿಯ ಖಾತೆ ಪುಸ್ತಕಗಳ ಸಂಗಡ ಅದಕ್ಕೂ ಕುಂಕುಮ ಹಚ್ಚಿ ಹೂ ಏರಿಸುತ್ತಿದ್ದ. ಎಂಟು ವರ್ಷ ಅದಕ್ಕೆ ಪೂಜೆ ಆಗಿತ್ತು. ಒಂದು ಸಲವೂ ಅದನ್ನು ಯಾರೂ ತೆರೆದಿರಲಿಲ್ಲ.

ತೆರೆಯದೆ ಇದ್ದದ್ದು ಮರೆತು ಅಲ್ಲ. ಅದು ಅಪ್ಪನ ನೇಮ.

ನಮ್ಮಪ್ಪ ಅಮರಗುಂಡಪ್ಪನಿಗೆ ಮಸ್ಕಿಯಲ್ಲಿ ಕಿರಾಣಿ ಅಂಗಡಿ ಇತ್ತು. ಶ್ರಾವಣದಲ್ಲಿ ಒಂದು ತಿಂಗಳು ಮನೆಯ ಪಡಸಾಲೆಯಲ್ಲಿ ಪುರಾಣ ಓದುತ್ತಿದ್ದ. ಪದ್ಯ ಹಾಡಿ ಅರ್ಥ ಹೇಳುವಾಗ ಕೇಳುವವರು ನಡುನಡುವೆ "ಹೂಂ" ಅನ್ನಬೇಕು. ಹೂಂ ಅನ್ನುವವರು ಇಲ್ಲದಿದ್ದರೆ ಅಪ್ಪ ಪುಸ್ತಕ ಮಡಚಿಬಿಡುತ್ತಿದ್ದ. ಅವ್ವ ಕಸ್ತೂರೆಮ್ಮನ ಹೂಂ ಎಲ್ಲರಿಗಿಂತ ಮೆಲ್ಲಗೆ, ಆದರೆ ಒಂದೂ ತಪ್ಪುತ್ತಿರಲಿಲ್ಲ. ಅಕ್ಕ ಜಂಬವ್ವ, ನಾನು ಇಬ್ಬರೂ ಆಕೆಯ ತೊಡೆಯ ಮೇಲೆ ತಲೆಯಿಟ್ಟು ಆ ಹೂಂ ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆವು.

ಅಪ್ಪ ಪದೇಪದೇ ಹೇಳುತ್ತಿದ್ದ ಮಾತೊಂದಿತ್ತು: "ಕೊಟ್ಟು ತಿರುಗಿ ನೋಡಬ್ಯಾಡ. ತಿರುಗಿ ನೋಡಿದರ ದಾನ ಹೋಗಿ ಸಾಲ ಆಗತೈತಿ."

ಅಕ್ಕನನ್ನು ಗುರುಗುಂಟಾದ ಆಚೆಯ ಒಂದು ಸಣ್ಣ ಹಳ್ಳಿಗೆ ಕೊಟ್ಟಿದ್ದರು. ಎಂಬತ್ನಾಲ್ಕರಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಲು ಅಪ್ಪ ಗಾಡಿ ಕಟ್ಟಬೇಕೆನ್ನುವ ವಾರವೇ ಅಲ್ಲಿ ಹೆರಿಗೆ ಬ್ಯಾನಿ ಎದ್ದು, ತಾಯಿ ಕೂಸು ಇಬ್ಬರೂ ಉಳಿಯಲಿಲ್ಲ. ಅಕ್ಕನಿಗೆ ಇಪ್ಪತ್ತು ವರ್ಷ. ಅವ್ವ ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಆಗಿತ್ತು. ಬೀಗರು ಒಳ್ಳೆಯವರು. ಹನ್ನೊಂದನೆಯ ದಿನ ಅಕ್ಕನ ನಾಲ್ಕು ಪಾಟ್ಲಿಗಳನ್ನು ತಂದು ಅವ್ವನ ಉಡಿಯಲ್ಲಿ ಹಾಕಿದರು. ಅವ್ವ ಆ ಬಂಗಾರದ ಬಳೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲಾರದಾದಳು.

ಅಕ್ಕನನ್ನು ಮಣ್ಣು ಮಾಡಿದ ಹೊಲದ ಪಕ್ಕದಲ್ಲೇ ಒಬ್ಬ ಶರಣರ ಸಮಾಧಿಯ ಗದ್ದಿಗೆ ಇತ್ತು. ಬೂದಿಯಜ್ಜನ ಗದ್ದಿಗೆ ಅನ್ನುತ್ತಿದ್ದರು. ಅಲ್ಲಿ ಅಕ್ಕನ ಹೆಸರಿನಲ್ಲಿ ಒಂದು ನಂದಾದೀಪ ಉರಿಯಲಿ ಅನ್ನುವುದು ಅವ್ವನ ಆಸೆ. ಮನೆಯ ಹಳೆ ಹಿತ್ತಾಳೆ ದೀಪವನ್ನೇ ಕಳಿಸಿದಳು. ಐದು ಬಾಯಿಯ ದೀಪ. ಅಕ್ಕ ಸಣ್ಣವಳಿದ್ದಾಗ ಕೈಜಾರಿ ಕೆಡವಿದ್ದರಿಂದ ಒಂದು ಬಾಯಿ ಒಳಕ್ಕೆ ಸೊಟ್ಟಗಾಗಿತ್ತು.

"ನಾವು ಇರೂತನಾ ಎಣ್ಣಿ ಹಾಕ್ತೀವಿ. ನಾವು ಹ್ವಾದಮ್ಯಾಲೆ?" ಎಂದು ಅವ್ವ ಕೇಳಿದಳು. ಅದಕ್ಕೇ ಬ್ಯಾಂಕು.

ಎಂಬತ್ತೈದರ ಫೆಬ್ರವರಿಯಲ್ಲಿ ಅಪ್ಪ, ಅವ್ವ, ನಾನು ಲಿಂಗಸುಗೂರಿಗೆ ಹೋದೆವು. ಪಾಟ್ಲಿ ಮಾರಿದ ಎಂಟು ಸಾವಿರ ಠೇವಣಿ ಇಟ್ಟರೆ ತಿಂಗಳಾ ಬಡ್ಡಿ ಉಳಿತಾಯ ಖಾತೆಗೆ ತಾನೇ ಬಂದು ಬೀಳುತ್ತದೆ, ಅದರಲ್ಲಿ ಅರವತ್ತು ರೂಪಾಯಿ ಒಂದನೆಯ ತಾರೀಖಿಗೆ ತಾನೇ ಎಣ್ಣೆಗೆ ಹೋಗುತ್ತದೆ ಎಂದು ಕ್ಲರ್ಕ್ ಇಸ್ಮಾಯಿಲ್‌ಸಾಬ್ ಬಿಡಿಸಿ ಹೇಳಿದರು.

"ನಾವು ಮರೆತರ?" ಎಂದಳು ಅವ್ವ.

"ನೀವು ಮರೆತರೂ ಬ್ಯಾಂಕು ಮರೆಯಂಗಿಲ್ಲಮ್ಮಾ," ಎಂದರು ಅವರು.

ಅವ್ವ ಆ ಮಾತನ್ನು ಪುರಾಣದ ಮಾತಿನಂತೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

ಒಂದೇ ತೊಡಕು. ಗದ್ದಿಗೆಗೆ ಖಾತೆ ಇರಲಿಲ್ಲ. ಪೂಜೆ ಮಾಡುವ ಕರಿಬಸಯ್ಯಜ್ಜ ಬ್ಯಾಂಕಿನ ಮೆಟ್ಟಿಲು ಹತ್ತಿದವರಲ್ಲ. ಆಗ ಬ್ಯಾಂಕಿನ ಮುಂದಿನ ಬೇವಿನ ಗಿಡದ ಕೆಳಗೆ ಕೂತು ಓದು ಬಾರದವರಿಗೆ ಚೀಟಿ ತುಂಬಿಕೊಡುತ್ತಿದ್ದ ವೆಂಕೋಬ ಎದ್ದು ಬಂದ.

"ಸಾವ್ಕಾರ್ರ, ನನ್ನ ಖಾತೆಗೆ ಬರಲಿ. ನಮ್ಮ ಅಕ್ಕನ ಮನಿ ಗುರುಗುಂಟಾದಾಗೈತಿ, ತಿಂಗಳಿಗೊಮ್ಮೆ ಹೋಗೇ ಹೋಗ್ತೀನಿ. ಎಣ್ಣಿ ಡಬ್ಬಿ ಒಯ್ದು ಅಯ್ಯನವರ ಮುಂದ ಇಡ್ತೀನಿ. ದೇವರ ಕೆಲಸ ಐತಿ."

ಅವನ ಹಣೆಯ ಮೇಲೆ ಗಂಧ, ಕಿವಿಯಲ್ಲಿ ಪೆನ್ನು, ಬಾಯಲ್ಲಿ ಯಾವಾಗಲೂ ನಗು. ಅಪ್ಪನಿಗೆ ಅಷ್ಟು ಸಾಕಾಯಿತು. ಸಹಿ ಮಾಡಿ ಹೊರಗೆ ಬಂದ ಮೇಲೆ ದಾನ ಬಿಟ್ಟುಕೊಟ್ಟ ಗುರುತಿಗೆ ಒಂದು ಬಿಲ್ವಪತ್ರಿ ಕೆಳಗೆ ಹಾಕಿ, "ಮುಗೀತು. ಇನ್ನ ತಿರುಗಿ ನೋಡಂಗಿಲ್ಲ," ಎಂದ.

ಆಮೇಲೆ ಎರಡು ಶಿವರಾತ್ರಿಗೆ ಅಪ್ಪ ಗದ್ದಿಗೆಗೆ ಹೋಗಿ ಬಂದ. ದೀಪ ಉರಿಯುತ್ತಿತ್ತು. ಎಂಬತ್ತೇಳರಲ್ಲಿ ಅವನಿಗೆ ಮೊಣಕಾಲು ಹಿಡಿದು ನಡೆಯುವುದು ನಿಂತಿತು. ಅವ್ವನಿಗೆ ಆ ದಾರಿ ಎಂದರೇ ಎದೆ ಒಡೆಯುತ್ತಿತ್ತು, ಆಕೆ ಒಂದು ಸಲವೂ ಹೋಗಲಿಲ್ಲ. ದಿನಾ ಸಂಜೆ ಮನೆಯ ದೇವರಿಗೆ ದೀಪ ಹಚ್ಚಿ ಕೈ ಮುಗಿದು, "ಅಲ್ಲಿನೂ ಹಚ್ಯಾರ ಈಗ," ಎನ್ನುತ್ತಿದ್ದಳು. ಅಪ್ಪ ತೀರಿಕೊಂಡು ಆಕೆ ಸಿಂಧನೂರಿಗೆ ನನ್ನ ಮನೆಗೆ ಬಂದ ಮೇಲೂ ಅದೇ ಮಾತು. ಕರೆಂಟು ಹೋದಾಗ ನಾವೆಲ್ಲ ಗೊಣಗಿದರೆ, "ನನ್ನ ಮಗಳ ಕಡೆ ಬೆಳಕೈತಿ, ಸಾಕು ಬಿಡ್ರೆ," ಎಂದು ನಗುತ್ತಿದ್ದಳು.

ಇಂಥ ಅವ್ವನಿಗೆ ಆ ಕಾರ್ಡನ್ನು ಹೇಗೆ ಓದಿ ಹೇಳಲಿ?

ಮರುದಿನ ಮೊದಲ ಬಸ್ಸಿಗೆ ಲಿಂಗಸುಗೂರಿಗೆ ಹೋದೆ. ಇಸ್ಮಾಯಿಲ್‌ಸಾಬ್ ಅಲ್ಲೇ ಇದ್ದರು, ಗಡ್ಡ ಮಾತ್ರ ಬೆಳ್ಳಗಾಗಿತ್ತು. ಕೆಂಪು ವಸ್ತ್ರ ಬಿಚ್ಚಿದಾಗ ಪಾಸ್‌ಬುಕ್ಕಿನ ಮೇಲಿನ ಕುಂಕುಮ ಅವರ ಬೆರಳಿಗೆ ಹತ್ತಿತು. ಒಳಗೆ ಒಂದೇ ಒಂದು ಸಾಲು ಇತ್ತು, ಎಂಬತ್ತೈದರದ್ದು.

"ಯಾ ಅಲ್ಲಾ," ಎಂದು ಅವರು ಅದನ್ನೇ ನೋಡುತ್ತ ಕೂತರು. "ಎಂಟು ವರ್ಷ ಒಮ್ಮೆನೂ ಬರಸಿಲ್ಲೇನಮ್ಮಾ?"

"ಜಗಲಿ ಮ್ಯಾಲಿತ್ರಿ."

ದೊಡ್ಡ ಲೆಡ್ಜರ್ ತಂದು, ಒಂದು ಗಂಟೆ ಹಿಡಿದು ಸಾಲು ಸಾಲಾಗಿ ಬರೆದರು. ಹಳೆ ಪುಸ್ತಕ ತುಂಬಿ ಇನ್ನೊಂದು ತೆಗೆದರು. ಎಂಬತ್ತೊಂಬತ್ತರ ಜುಲೈಗೆ ಬಂದಾಗ ಅವರ ಪೆನ್ನು ನಿಂತಿತು. ಆ ತಿಂಗಳು ಠೇವಣಿ ಮುರಿದು ಎಂಟು ಸಾವಿರವೂ ಉಳಿತಾಯ ಖಾತೆಗೆ ಬಂದಿತ್ತು. ಅಂದಿನಿಂದ ತಿಂಗಳಿಗೆ ಅರವತ್ತರ ಬದಲು ಇನ್ನೂರು. ಮೂರೂವರೆ ವರ್ಷ ಹಾಗೇ ಹೋಗಿ ಹೋಗಿ, ಕಡೆಗೆ ಉಳಿದದ್ದು ನಲವತ್ತೊಂದು ರೂಪಾಯಿ.

ಅವರು ಫೈಲು ಹುಡುಕಿ ಎರಡು ಕಾಗದ ತೋರಿಸಿದರು. ಒಂದು, ಠೇವಣಿ ರಸೀದಿ. ಹಿಂದೆ ಅಪ್ಪನ ಸಹಿ. ಇನ್ನೊಂದು, ತಿಂಗಳಾ ಇನ್ನೂರು ಕಳಿಸಿರಿ ಎನ್ನುವ ಅರ್ಜಿ. ಸಹಿ ಅಪ್ಪನದೇ, ಮೇಲಿನ ಬರಹ ವೆಂಕೋಬನದು. ನನಗೆ ಆಗ ನೆನಪಾಯಿತು. ಠೇವಣಿಯ ಮುದ್ದತು ಮುಗಿಯುತ್ತ ಬಂದಿದೆ, ನಡೆಯಲು ಆಗದ ನೀವು ಯಾಕೆ ಬಸ್ಸು ಹತ್ತಬೇಕು, ಸಹಿ ಮಾಡಿ ಕೊಡಿರಿ ಎಂದು ವೆಂಕೋಬ ಮಸ್ಕಿಗೇ ಬಂದಿದ್ದ. ಅವ್ವ ಅವನಿಗೆ ಹೋಳಿಗೆ ಮಾಡಿ ಬಡಿಸಿದ್ದಳು. ಅಪ್ಪ ರಸೀದಿಗೂ ಸಹಿ ಮಾಡಿದ, "ಇರಲಿ, ಬೇಕಾಗ್ತೈತಿ" ಎಂದು ವೆಂಕೋಬ ಮುಂದಿಟ್ಟ ಖಾಲಿ ಹಾಳೆಗೂ ಸಹಿ ಮಾಡಿದ.

"ಸಹಿ ಖರೇದು," ಎಂದರು ಇಸ್ಮಾಯಿಲ್‌ಸಾಬ್. "ಮ್ಯಾನೇಜರ್ ಸಾಹೇಬರಿಗೆ ಅರ್ಜಿ ಕೊಡಮ್ಮಾ, ಪೊಲೀಸರಿಗೂ ಕೊಡು. ಆದ್ರ ಸಹಿ ಮಾಡಿದವರೇ ಇಲ್ಲ. ಕಷ್ಟ ಐತಿ." ಫೈಲು ಕಟ್ಟುತ್ತ ಹೇಳಿದರು: "ಬ್ಯಾಂಕು ಮರೆಯಂಗಿಲ್ಲ ಅಂತ ನಿಮ್ಮ ತಾಯಿಗೆ ನಾನೇ ಹೇಳಿದ್ದೆ. ನೆನಪೈತಿ ನನಗ. ಇನ್ನೊಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಬ್ಯಾಂಕಿಗೆ ಕಣ್ಣಿಲ್ಲಮ್ಮಾ. ಯಾವ ನಂಬರಿಗೆ ಕಳಿಸು ಅಂದ್ರ ಅದಕ್ಕ ಕಳಿಸ್ತೈತಿ. ಕಣ್ಣು ನಿಮ್ಮವೇ ಬೇಕು. ತಿಂಗಳಾ ಬರಬೇಕು, ಬರಸಬೇಕು, ಓದಸಬೇಕು. ಖಾಲಿ ಹಾಳಿಗೆ ಸಹಿ ಅಂದ್ರ ಮನಿ ಬಾಗಲಾ ತೆಗೆದಿಟ್ಟು ಊರಿಗೆ ಹೋದಂಗ."

ಇನ್ನು ಕಳಿಸಬೇಡಿರಿ ಎಂದು ನನ್ನ ಕೈಯಿಂದಲೇ ಅರ್ಜಿ ಬರೆದೆ. ಖಾತೆ ಅಪ್ಪ, ಅವ್ವ ಇಬ್ಬರಲ್ಲಿ ಯಾರಾದರೂ ನಡೆಸುವಂಥದ್ದು, ಈಗ ಅವ್ವನ ಸಹಿ ಬೇಕೆಂದರು. ಅದನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡೆ.

ವೆಂಕೋಬ ಬೇವಿನ ಗಿಡದ ಕೆಳಗೇ ಇದ್ದ. ಈಗ ಅವನಿಗೆ ಮೇಜು, ಕುರ್ಚಿ, ಮೇಲೊಂದು ತಗಡು.

"ಅರೇ, ಅಮರಗುಂಡಪ್ಪ ಸಾವ್ಕಾರ್ರ ಮಗಳಲ್ಲೇನು? ಕೂಡು ತಂಗಿ. ಏ, ಎರಡು ಚಾ ತರ್ರಲೇ!"

"ದೀಪಕ್ಕ ಎಣ್ಣಿ ಯಾವಾಗಿಂದ ಒಯ್ದಿಲ್ಲ ವೆಂಕೋಬಣ್ಣ?"

ಅವನ ನಗು ತಟ್ಟನೆ ಹೋಗಲಿಲ್ಲ. ಮೆಲ್ಲಗೆ, ಒಣಗಿದ ಗಂಧದ ಹಾಗೆ ಉದುರಿತು. ಪೆನ್ನನ್ನು ಕಿವಿಯಿಂದ ತೆಗೆದ, ಮತ್ತೆ ಇಟ್ಟ.

"ಎರಡು ವರ್ಷ ಒಯ್ದೀನವ್ವ. ಗದ್ದಿಗಿ ಆಣಿ. ಬಿಸಲಾಗ ಡಬ್ಬಿ ಹೊತ್ತೀನಿ. ಒಂದು ತಿಂಗಳು ನನ್ನ ಹೆಂಡತಿಗೆ ಜ್ವರ ಬಂದಿತ್ತು, ಹೋಗಲಿಲ್ಲ. ಯಾರೂ ಕೇಳಲಿಲ್ಲ. ಮುಂದಿನ ತಿಂಗಳು ಎರಡೂ ಕೂಡೆ ಒಯ್ದರಾತು ಅಂದೆ. ಯಾರೂ ಕೇಳಲಿಲ್ಲ. ನಿಮ್ಮಪ್ಪ ಒಂದು ಸಲ, ಒಂದೇ ಸಲ, ಏನೋ ವೆಂಕೋಬ, ಎಣ್ಣಿ ಮುಟ್ಟಿತೇನು ಅಂದಿದ್ರ, ನಾ ಸರಳ ಇರ್ತಿದ್ದೆ ತಂಗಿ."

"ಅಂದ್ರ ತಪ್ಪು ನಮ್ಮಪ್ಪಂದೇನು?"

"ಹಂಗಲ್ಲ..." ಎಂದ. ಚಹಾ ಬಂತು. ನಾನು ಮುಟ್ಟಲಿಲ್ಲ. "ಸುಗ್ಗಿ ಆದಮ್ಯಾಲೆ ಸ್ವಲ್ಪ ಸ್ವಲ್ಪ ಕೊಡ್ತೀನಿ," ಎಂದ. ಅವನಿಗೆ ಹೊಲ ಇರಲಿಲ್ಲ.

ಗುರುಗುಂಟಾಕ್ಕೆ ಬಸ್ಸಿತ್ತು. ಅಲ್ಲಿಂದ ಅರ್ಧ ಹರದಾರಿ ನಡಿಗೆ. ಶೇಂಗಾ ಕಿತ್ತ ಹೊಲಗಳ ನಡುವೆ ಗದ್ದಿಗೆಯ ಸುಣ್ಣದ ಗೋಡೆ ದೂರದಿಂದಲೇ ಕಾಣುತ್ತಿತ್ತು. ಬಿಸಿಲಿನಿಂದ ಒಳಗೆ ಹೋದಾಗ ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೂ ಬೆಳಕು ಕಾಣಲಿಲ್ಲ. ಬಲಗಡೆ ಗೂಡಿನಲ್ಲಿ ನಮ್ಮ ದೀಪ ಇತ್ತು, ಬೋರಲು ಹಾಕಿ ಇಟ್ಟಿದ್ದರು.

ಕರಿಬಸಯ್ಯಜ್ಜ ಗೋಡೆಗೆ ಒರಗಿ ಕೂತಿದ್ದರು. ಎಂಬತ್ತು ದಾಟಿದ ಜೀವ. ಯಾರ ಮಗಳೆಂದು ಹೇಳಿ ಪಾದ ಮುಟ್ಟಿದೆ.

"ಬಾ ತಾಯಿ," ಎಂದು ತಲೆ ಮೇಲೆ ಕೈಯಿಟ್ಟರು. "ಧೂಳು ಬೀಳತೈತಿ ಅಂತ ಡಬ್ಬ ಹಾಕೀನಿ. ಅಮಾಸಿಗೊಮ್ಮೆ ಹುಣಸಿಹಣ್ಣು ಹಚ್ಚಿ ತಿಕ್ಕತೀನಿ. ನೋಡು, ಹೊಳೀತೈತಿ."

ಹೊಳೆಯುತ್ತಿತ್ತು.

"ಎಣ್ಣಿ ಬರೂದು ನಿಂತಿತಲ್ಲ ಅಜ್ಜಾ, ಒಂದು ಮಾತು ಹೇಳಿ ಕಳಸಬಾರದಿತ್ತೇನ್ರಿ?"

ಅಜ್ಜ ಗೂಡಿನ ಕಡೆ ಕೈ ತೋರಿಸಿದರು. "ಆರು ವರ್ಷ ಆತು. ಮೊದಲ ತಿಂಗಳು ನನ್ನ ಪಾಲಿನ ಎಣ್ಣಿ ಹಾಕಿದೆ. ಆಮ್ಯಾಲೆ ನಮ್ಮ ಒಲಿಗೇ ಇರಲಿಲ್ಲ. ಹೇಳಿ ಕಳಿಸೋಣ ಅಂದೆ. ನಮ್ಮ ಗುರುಗಳು ಹೇಳಿದ್ರು, ಭಕ್ತರು ಕೊಟ್ಟರ ತಗೋ, ಕೊಡದಿದ್ರ ಕೇಳಬ್ಯಾಡ ಅಂತ. ಪಾಪ, ಹೆತ್ತವರಿಗೆ ಸಂಕಟ ಸವೆದಿರಬೇಕು, ಮರೆತಿರಬೇಕು, ಮರೆತವರಿಗೆ ನೆನಪು ಮಾಡಿ ಯಾಕ ಅಳಸಲಿ ಅಂತ ಸುಮ್ಮನಾದೆ."

ಅಪ್ಪ ತಿರುಗಿ ನೋಡಲಿಲ್ಲ, ಅಜ್ಜ ಬಾಯಿ ತೆರೆದು ಕೇಳಲಿಲ್ಲ. ಇಬ್ಬರೂ ತಮ್ಮ ತಮ್ಮ ನೇಮ ಬಿಡಲಿಲ್ಲ. ಆ ಎರಡು ನೇಮಗಳ ನಡುವೆ ಒಬ್ಬ ಮನುಷ್ಯ ನುಸುಳುವಷ್ಟು ಜಾಗ ಇತ್ತು.

ಹೊರಡುವಾಗ ಅಜ್ಜ ದೀಪವನ್ನು ತಮ್ಮ ಪಂಜೆಯ ತುದಿಯಿಂದ ಒರೆಸಿ ನನ್ನ ಕೈಗೆ ಕೊಟ್ಟರು. "ಒಯ್ಯಿ ತಾಯಿ. ನಾ ಇನ್ನ ಎಷ್ಟು ದಿನ ತಿಕ್ಕಲಿ?"

ಬೇಡ ಅನ್ನಲು ಆಗಲಿಲ್ಲ. ಹಾದಿಯಲ್ಲಿ ಅಕ್ಕನ ಹೊಲದ ಬದುವಿನ ಹತ್ತಿರ ನಿಂತೆ. ಆಕೆಯನ್ನು ಮಲಗಿಸಿದ ಜಾಗದ ಗುರುತಿಗೆ ಇಟ್ಟ ಕಲ್ಲು ಹುಲ್ಲಿನಲ್ಲಿ ಮುಚ್ಚಿತ್ತು. ಹುಲ್ಲು ಕಿತ್ತು, ಕೈ ಮುಗಿದು ಬಂದೆ.

ಸಿಂಧನೂರಿಗೆ ಬಂದಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಅವ್ವ ಜಗಲಿಯ ಮುಂದೆ ಕೂತಿದ್ದಳು. ಹತ್ತಿರ ಹೋದ ನನ್ನ ಸೆರಗನ್ನು ಬೆರಳಿನಿಂದ ತಡವಿದಳು.

"ಗದ್ದಿಗಿಗೂ ಹೋಗಿದ್ದೇನು? ಸೆರಗಿಗೆ ಉತ್ತರಾಣಿ ಮುಳ್ಳು ಹತ್ಯಾವ."

"ಹೋಗಿದ್ದೆ ಬೇ."

"ದೀಪ?"

"ಉರಿಯಾಕತ್ತೈತಿ," ಎಂದೆ.

ಅವ್ವನ ಮುಖ ಅರಳಿತು. ಆ ಮುಖವನ್ನು ನೋಡಿ, ಸುಳ್ಳು ಹೇಳಿದ್ದು ಪುಣ್ಯವೇ ಇರಬೇಕು ಅನಿಸಿತು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಬರುವಷ್ಟರಲ್ಲಿ ಅವ್ವ ಪಾಸ್‌ಬುಕ್ಕನ್ನು ಮತ್ತೆ ಜಗಲಿಗೆ ಏರಿಸಲೆಂದು ನನ್ನ ಚೀಲದಲ್ಲಿ ಕೈಯಿಟ್ಟಿದ್ದಳು.

ಆಕೆಯ ತೊಡೆಯ ಮೇಲೆ ಹಿತ್ತಾಳೆ ದೀಪ ಇತ್ತು. ಜೋಳದಲ್ಲಿ ಹರಳು ಹುಡುಕುವ ಬೆರಳುಗಳು ದೀಪದ ಬಾಯಿಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದವು. ಒಂದು, ಎರಡು, ಮೂರು. ಸೊಟ್ಟಗಾದ ಬಾಯಿಯ ಮೇಲೆ ನಿಂತವು.

"ದೀಪ ಇಲ್ಲೈತಿ," ಎಂದಳು. "ಅಲ್ಲಿ ಏನು ಉರಿಯಾಕತ್ತೈತಿ ಶೇಖ್ರೀ?"

ನಾನು ದೀಪಕ್ಕೆ ಕೈ ಚಾಚಿದೆ, ಆಕೆ ಬಿಡಲಿಲ್ಲ.

"ಪುಸ್ತಕ ತಗಿ. ಓದು."

"ಬ್ಯಾಡ ಬೇ."

"ಓದು. ನಿಮ್ಮಪ್ಪ ಓದಿದಂಗ ಓದು. ಒಂದು ಸಾಲು ಬಿಡಬ್ಯಾಡ."

ಓದಿದೆ. ಎಂಬತ್ತೈದನೆಯ ಇಸವಿ, ಮಾರ್ಚ್ ಒಂದು, ಅರವತ್ತು ರೂಪಾಯಿ. "ಹೂಂ," ಎಂದಳು ಅವ್ವ. ಏಪ್ರಿಲ್ ಒಂದು, ಅರವತ್ತು. "ಹೂಂ." ಶ್ರಾವಣದ ಪಡಸಾಲೆಯಲ್ಲಿ ಕೇಳಿದ ಅದೇ ಮೆಲ್ಲನೆಯ ಹೂಂ. ಎಂಬತ್ತೇಳಕ್ಕೆ ಬಂದಾಗ, "ಎಣ್ಣಿ ಇಲ್ಲಿಗೆ ನಿಂತಿತು ಬೇ," ಎಂದೆ. ಆಗಲೂ ಹೂಂ ಅಂದಳು. ಇನ್ನೂರರ ಸಾಲುಗಳು ಬಂದವು. ಖಾಲಿ ಹಾಳೆಯ ಕಥೆ ಹೇಳಿದೆ, ಹೋಳಿಗೆಯನ್ನೂ ನೆನಪಿಸಿದೆ. ಹೂಂ. ತೊಂಬತ್ತಾರು ತಿಂಗಳ ಸಾಲುಗಳು. ಒಂದಕ್ಕೂ ಹೂಂ ತಪ್ಪಲಿಲ್ಲ. ಕಡೆಯ ಸಾಲು, ನಲವತ್ತೊಂದು ರೂಪಾಯಿ, ಓದಿದಾಗ ಮಾತ್ರ ಏನೂ ಅನ್ನಲಿಲ್ಲ. ನಾನು ಪುಸ್ತಕ ಮಡಚಿದೆ.

"ಆರು ವರ್ಷ ನನ್ನ ಕೂಸು ಕತ್ತಲದಾಗ ಮಲಗೈತಿ," ಎಂದಳು ಆಮೇಲೆ. "ನಾ ಇಲ್ಲಿ ಹೊಟ್ಟಿ ತುಂಬ ಉಂಡೆ. ನಕ್ಕೆ."

"ಅವ್ವಾ, ನಿನ್ನದೇನು ತಪ್ಪಿಲ್ಲ."

"ವೆಂಕೋಬ ಕಳ್ಳ. ಅವನ್ನ ದೇವರು ನೋಡಿಕೊಳ್ಳಲಿ, ಪೊಲೀಸರರೆ ನೋಡಿಕೊಳ್ಳಲಿ. ನೀ ಯಾಕ ಉರಿಯಾಕತ್ತೈತಿ ಅಂದಿ?"

ನಾನು ಎರಡೂ ಪುಸ್ತಕಗಳನ್ನು ಕೆಂಪು ವಸ್ತ್ರದಲ್ಲಿ ಸುತ್ತಿದೆ.

ಮರುದಿನ ಅರ್ಜಿಗೆ ಸಹಿ ಕೇಳಿದಾಗ, "ಓದು," ಎಂದಳು. ಓದಿದೆ. ಕಾಗದವನ್ನು ತೆಗೆದುಕೊಂಡು ಓಣಿಯ ಮಾಸ್ತರರ ಮನೆಗೆ ತಡವರಿಸುತ್ತ ಹೋದಳು. ಅವರ ಬಾಯಿಂದ ಇನ್ನೊಮ್ಮೆ ಓದಿಸಿದಳು. ಎರಡೂ ಒಂದೇ ಎಂದು ತಿಳಿದ ಮೇಲೆ ಸಹಿ ಮಾಡಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಕೆ ಮಾಡಿದ್ದು ಸರಿಯಾದದ್ದೇ. ಅಪ್ಪ ಹಾಗೆ ಮಾಡಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ. ಆದರೂ ನನಗೆ ಅಳು ಬಂತು.

ಪೊಲೀಸರಿಗೆ ಕೊಟ್ಟ ಅರ್ಜಿ ಎಲ್ಲಿಗೂ ಮುಟ್ಟಲಿಲ್ಲ. ವೆಂಕೋಬ ಗಿಡದ ಕೆಳಗಿನಿಂದ ಎದ್ದುಹೋದ ಎಂದು ಇಸ್ಮಾಯಿಲ್‌ಸಾಬ್ ಹೇಳಿ ಕಳಿಸಿದರು. ಪಾಟ್ಲಿಯ ದುಡ್ಡು ಬರಲಿಲ್ಲ.

ದೀಪ ಈಗ ನಮ್ಮ ಮನೆಯಲ್ಲೇ ಉರಿಯುತ್ತದೆ, ಅಡ್ಡ ಗೋಡೆಯ ಗೂಡಿನಲ್ಲಿ. ದೂರದ ದೀಪ ಬೇಡ ಎಂದಳು ಅವ್ವ. ಎಣ್ಣೆ ಹಾಕುವವಳು ನಾನು, ಬತ್ತಿ ಹೊಸೆಯುವವಳು ಆಕೆ. ಆಕೆಯ ಕಣ್ಣು ಈಗ ಪೂರಾ ಹೋಗಿದೆ. ದಿನಾ ಸಂಜೆ ಹಚ್ಚಿ, "ಹಚ್ಚೀನಿ ಬೇ," ಎನ್ನುತ್ತೇನೆ.

"ಹೂಂ," ಎನ್ನುತ್ತಾಳೆ.

ಹೂಂ ಅಂದ ಮೇಲೂ ಗೋಡೆ ಹಿಡಿದು ಎದ್ದು ಬಂದು, ಉರಿಯ ಹತ್ತಿರಕ್ಕೆ ಅಂಗೈ ಒಯ್ಯುತ್ತಾಳೆ. ಬಿಸಿ ತಾಗುವ ತನಕ ತೆಗೆಯುವುದಿಲ್ಲ.